ಬಿಷಪ್ಪರ ಕೆಮ್ಮು

ನಮ್ಮ ಮನೆಯ ಗಡಿಯಾರ ಗೋಡೆಯ ಮೇಲೆ ಇರುತ್ತಿರಲಿಲ್ಲ. ಫ್ರಿಜ್ಜಿನ ತಲೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಮುಂದಕ್ಕೆ ಜಾರದಂತೆ ಕಾಲಿಗೆ ಒಂದು ಹಳೆಯ ಕೀರ್ತನೆ ಪುಸ್ತಕ ಅಡ್ಡ ಇಟ್ಟುಕೊಂಡು ನಿಂತಿರುತ್ತಿತ್ತು. ಫ್ರಿಜ್ಜು ನಡುಗಿದಾಗಲೆಲ್ಲ ಅದೂ ನಡುಗುತ್ತಿತ್ತು. ಒಟ್ಟಾರೆ ನಮ್ಮ ಮನೆಯ ಸಮಯಕ್ಕೆ ಚಳಿಜ್ವರ. ಕ್ಯಾಲೆಂಡರು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅಪ್ಪ ಅಮ್ಮನ ಮದುವೆಯ ಫೋಟೊ ಕಪಾಟಿನೊಳಗೆ ಸೀರೆಗಳ ನಡುವೆ ಮಲಗಿರುತ್ತಿತ್ತು, ಹಬ್ಬಕ್ಕೆ ಸೀರೆ ತೆಗೆಯುವಾಗ ಇಬ್ಬರೂ ಒಮ್ಮೆ ಬೆಳಕು ನೋಡುತ್ತಿದ್ದರು. ದುಬೈಯ ದೇರಾದಲ್ಲಿ ಮೂರನೇ ಮಹಡಿಯ ಆ ಫ್ಲಾಟಿನ ನಾಲ್ಕೂ ಗೋಡೆಗಳು ಬೋಳು. ಬಂದವರು ಈಗಷ್ಟೇ ಮನೆ ಹಿಡಿದಿರಾ ಎಂದು ಕೇಳುತ್ತಿದ್ದರು. ನಾವು ಬಂದು ಐದು ವರ್ಷ ಆಗಿತ್ತು. ಅದು ಅಮ್ಮನ ಕಾನೂನು:

“ಓದಿಸ್ಕೊಂಡು ಹೋಗೋ ಮನಿಗಿ ಮೊಳಿ ಹೊಡಿಬಾರ್ದು.”

ಬೇರೆಯವರ ಮನೆಯಲ್ಲಿ ಓದುವುದೆಂದರೆ ಪರೀಕ್ಷೆಗೆ ಓದುವುದು. ನಮ್ಮ ಮನೆಯಲ್ಲಿ ಆ ಮಾತಿಗೆ ಅರ್ಥವೇ ಬೇರೆ. ‘ಅವರಿಗೆ ಓದಿದರಂತೆ’ ಎಂದರೆ ಅವರಿಗೆ ವರ್ಗವಾಯಿತು ಎಂದು. ಅಪ್ಪ ಮೆಥಡಿಸ್ಟ್ ಸಭೆಯ ಪಾಸ್ಟರು. ನಮ್ಮ ಸಭೆಯಲ್ಲಿ ಪಾಸ್ಟರು ತನ್ನ ಊರನ್ನು ಆರಿಸಿಕೊಳ್ಳುವುದಿಲ್ಲ, ಊರೂ ತನ್ನ ಪಾಸ್ಟರನ್ನು ಆರಿಸಿಕೊಳ್ಳುವುದಿಲ್ಲ. ಇಬ್ಬರನ್ನೂ ಜೋಡಿಸುವವರು ಬಿಷಪ್ಪರು. ವರ್ಷಕ್ಕೊಮ್ಮೆ ಕಾನ್ಫರೆನ್ಸು ಕೂಡುತ್ತದೆ. ವರದಿ, ಪ್ರಾರ್ಥನೆ, ಚರ್ಚೆ, ಚರ್ಚೆಯ ಹೆಸರಿನಲ್ಲಿ ಜಗಳ, ಜಗಳ ಮರೆಸಲು ಮಟನ್ ಊಟ. ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ ಬಿಷಪ್ಪರು ಎದ್ದು ನಿಂತು ನೇಮಕದ ಪಟ್ಟಿ ಓದುತ್ತಾರೆ. ಮೊದಲು ಊರು, ಆಮೇಲೆ ಹೆಸರು. ಓದಿದ ಕೂಡಲೇ ಆಶೀರ್ವಾದ. ಆಶೀರ್ವಾದ ಮುಗಿದರೆ ಕಾನ್ಫರೆನ್ಸೇ ಮುಗಿಯಿತು, ಇನ್ನು ತಕರಾರು ಯಾರ ಹತ್ತಿರ ಹೇಳುವುದು? ಖಾಲಿ ಕುರ್ಚಿಗಳ ಹತ್ತಿರ ಹೇಳಬೇಕು. ಅಮ್ಮನಿಗೆ ಹೀಗೆ ನಾಲ್ಕು ಸಲ ಓದಿದ್ದರು. ಬೀದರ ಜಿಲ್ಲೆಯ ಮೂರು ಹಳ್ಳಿ, ಆಮೇಲೆ ಸಮುದ್ರ ದಾಟಿಸಿ ಈ ಕನ್ನಡ ಸಭೆ. ಓದಿದ್ದು ಅಪ್ಪನ ಹೆಸರನ್ನೇ. ಆದರೆ ಪಾತ್ರೆ ಕಟ್ಟಿದವಳು ಅಮ್ಮ, ಪ್ರತಿ ಸಲ ಆಸ್ಪತ್ರೆಯ ಕೆಲಸ ಬಿಟ್ಟವಳು ಅಮ್ಮ. ಅವಳು ನರ್ಸು. ಮೊದಲ ಮನೆಯಲ್ಲಿ ಪ್ರೀತಿಯಿಂದ ಹನ್ನೊಂದು ಮೊಳೆ ಹೊಡೆದಿದ್ದಳಂತೆ. ಮುಂದಿನ ವರ್ಷವೇ ಅವನ್ನೆಲ್ಲ ಕಿತ್ತುಕೊಂಡು ಬಂದಳು. ಅಂದಿನಿಂದ ಆ ಕಾನೂನು.

ಇದರ ಮೇಲೆ ನಮ್ಮ ಮನೆಯಲ್ಲಿ ಒಂದೇ ಜಗಳ ಇತ್ತು. ಒಂದೇ ಆದ್ದರಿಂದ ಅದು ಚೆನ್ನಾಗಿ ಪಳಗಿತ್ತು. ನನಗೆ ಎರಡೂ ಕಡೆಯ ಸಂಭಾಷಣೆ ಬಾಯಿಪಾಠ.

“ದೀಕ್ಷಾ ತಗೊಳ್ಳುವಾಗ ಕೇಳಿದ್ರು, ಕಳಿಸಿದಲ್ಲಿ ಹೋಗ್ತೀಯೇನಂತ. ಹೂಂ ಅಂದೀನಿ. ದೇವರ ಮುಂದ ಅಂದೀನಿ.”

“ನೀವ್ ಹೂಂ ಅಂದ್ರಿ. ನನಗ್ಯಾರ್ ಕೇಳಿದ್ರು?”

ಇಲ್ಲಿಗೆ ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಅಮ್ಮ ಒಲೆಯ ಕಡೆ ತಿರುಗುತ್ತಿದ್ದಳು. ಪರದೆ.

ಆ ಫ್ಲಾಟಿನ ಹಾಲಿನ ಅರ್ಧಕ್ಕೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ, ಆಚೆ ಇಮ್ಮಣ್ಣ ಕಾಕಾಗೆ ಜಾಗ ಕೊಟ್ಟಿದ್ದೆವು. ಪೂರ್ತಿ ಹೆಸರು ಇಮ್ಯಾನುವೆಲ್. ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪೈಂಟ್ ಫ್ಯಾಕ್ಟರಿಯಲ್ಲಿ ವ್ಯಾನು ಓಡಿಸುತ್ತಿದ್ದವನು, ಸಭೆಯಲ್ಲಿ ಕಾಣಿಕೆ ತಟ್ಟೆ ಹಿಡಿಯುವವನು. ಪ್ಲೈವುಡ್ಡಿನ ಗೋಡೆ ಕಣ್ಣಿಗೆ ಮಾತ್ರ ಗೋಡೆ. ಈಚೆ ಅಪ್ಪ ಆರಾಧನೆಯ ಪ್ರಸಂಗ ತಯಾರು ಮಾಡುವುದು ಆಚೆಗೆ ಕೇಳುತ್ತಿತ್ತು, ಆಚೆ ಕಾಕಾ ನಿದ್ದೆಯಲ್ಲಿ ಮಲಯಾಳಿ ಸೂಪರ್‌ವೈಸರಿಗೆ ಬೈಯುವುದು ಈಚೆಗೆ ಕೇಳುತ್ತಿತ್ತು. ಕೆಳಗೆ ವಾಚ್‌ಮನ್ನು, ಎದುರಿಗೆ ಇಡೀ ದಿನ ‘ಯಲ್ಲಾ ಯಲ್ಲಾ’ ಎಂದು ಅರಬಿಯಲ್ಲಿ ಅವಸರಪಡಿಸುತ್ತ ಡಬ್ಬಿ ಇಳಿಸುವ ಅಂಗಡಿಯವರು. ನನಗೆ ಹನ್ನೊಂದು ವರ್ಷ. ಆಟದ ಬಯಲಿಲ್ಲ, ಅಣ್ಣತಮ್ಮಂದಿರಿಲ್ಲ, ದನಿಗಳಿದ್ದವು. ಒಂದೊಂದನ್ನೇ ಗಂಟಲಿಗೆ ಹಾಕಿಕೊಂಡೆ. ಅಪ್ಪನ ಪ್ರಾರ್ಥನೆಯ ದನಿ, ಮೂಗಿನಿಂದ ಶುರುವಾಗಿ ಎದೆಯಲ್ಲಿ ಮುಗಿಯುವಂಥದ್ದು. ಕಾಕಾ ‘ಖಲಾಸ್’ ಎನ್ನುವಾಗ ಬೀದರ ಹತ್ತಿಕೊಳ್ಳುವ ರೀತಿ. ಕೊನೆಗೆ ನನ್ನದೇ ದನಿ, ಶಾಲೆಯಲ್ಲಿ ‘ಮ್ಯಾಮ್, ಐ ಫರ್ಗಾಟ್’ ಎನ್ನುವಾಗ ಆಗುವ ಮೇಕೆಮರಿಯ ದನಿ. ಅದನ್ನು ಮಾಡಿದರೆ ಅಮ್ಮ ಎಲ್ಲಕ್ಕಿಂತ ಹೆಚ್ಚು ನಗುತ್ತಿದ್ದಳು. ಅವಳು ನಗುವುದು ಅಪರೂಪ, ಹಾಗಾಗಿ ನಾನು ಬಹಳ ಸಲ ಮೇಕೆಯಾದೆ.

ಇವೆಲ್ಲ ಸಣ್ಣ ವೇಷ. ನನ್ನ ದೊಡ್ಡ ವೇಷ ಬಿಷಪ್ಪರದು. ಅವರನ್ನು ನೋಡುವ ಮೊದಲೇ ಅವರ ದನಿ ನನ್ನ ಬಳಿ ಇತ್ತು. ಇಲ್ಲಿ ವಾಟ್ಸಾಪಿನಲ್ಲಿ ಮಾತಾಡಲು ಬರುವುದಿಲ್ಲ, ಕರೆ ಹೋಗುವುದೇ ಇಲ್ಲ. ದನಿಯನ್ನು ರೆಕಾರ್ಡು ಮಾಡಿ ಕಳಿಸಬಹುದು, ಅಷ್ಟೇ. ಹಾಗಾಗಿ ಕಾನ್ಫರೆನ್ಸಿನ ಕೊನೆಯ ದಿನ ಅಪ್ಪನ ಗೆಳೆಯರೊಬ್ಬರು ಬೀದರದಲ್ಲಿ ಫೋನನ್ನು ಲೌಡ್‌ಸ್ಪೀಕರಿನತ್ತ ಎತ್ತಿ ಹಿಡಿದು ಪಟ್ಟಿಯನ್ನೆಲ್ಲ ತುಂಡು ತುಂಡಾಗಿ ಕಳಿಸುತ್ತಿದ್ದರು. ನಾವು ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಇಟ್ಟು ಸುತ್ತ ನಿಲ್ಲುತ್ತಿದ್ದೆವು. ಫ್ಯಾನಿನ ಸದ್ದು, ಯಾರದೋ ಮಗು ಅಳುವುದು, ಅದರೊಳಗಿಂದ ಆ ದನಿ: ‘ಹುಮನಾಬಾದ...’ ಆಮೇಲೆ ಒಂದು ಕೆಮ್ಮು. ಸಣ್ಣದು, ಒಣಗಿದ್ದು, ಬಾಗಿಲು ತಟ್ಟುವ ಮುಂಚೆ ಚಪ್ಪಲಿ ಕೊಡವಿದಂಥದ್ದು. ಆಮೇಲೆ ಹೆಸರು. ಊರಿಗೂ ಹೆಸರಿಗೂ ನಡುವಿನ ಆ ಜಾಗದಲ್ಲಿ ಎಷ್ಟು ಮನೆಯ ಹೆಂಗಸರು ಉಸಿರು ಹಿಡಿದು ನಿಂತಿರುತ್ತಿದ್ದರೋ. ನನಗೆ ಆಗ ಅದೆಲ್ಲ ಬೇಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಕೆಮ್ಮು ಮಾತ್ರ. ಅದನ್ನು ಸಾಧಿಸಲು ಒಂದು ತಿಂಗಳು ಬಚ್ಚಲುಮನೆಯಲ್ಲಿ ಕೆಮ್ಮಿದೆ. ಅಮ್ಮ ನನಗೆ ಕಷಾಯ ಕುಡಿಸಿದಳು.

ಐದನೆಯ ವರ್ಷ, ಕಾನ್ಫರೆನ್ಸಿಗೆ ಎರಡು ತಿಂಗಳಿರುವಾಗ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಸಭೆಗೆ ಸೇರಿಸಿಕೊಳ್ಳುವ ದೃಢೀಕರಣ ಕೊಡಲು ಬಿಷಪ್ಪರು ದುಬೈಗೆ ಬಂದರು. ಆಗಿನ್ನೂ ಇಲ್ಲಿ ಶುಕ್ರವಾರವೇ ರಜೆ, ನಮ್ಮ ಭಾನುವಾರವೂ ಶುಕ್ರವಾರವೇ. ಆರಾಧನೆ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬಂದರು. ಎತ್ತರದ, ಬಾಗಿದ ಮುದುಕರು. ನೇರಳೆ ಅಂಗಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮಾತ್ರ ಬೀದರ ಬಸ್‌ಸ್ಟ್ಯಾಂಡಿನದು. ಅಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ಮಟನ್ ಸಾರು, ಶೇಂಗಾ ಹಿಂಡಿ ಮಾಡಿದ್ದಳು. ಎರಡನೆಯ ರೊಟ್ಟಿಯವರೆಗೆ ಕಾದಳು. ಮೂರನೆಯದನ್ನು ತಟ್ಟೆಗೆ ಹಾಕುತ್ತ ಕೇಳಿಯೇಬಿಟ್ಟಳು.

“ಅಯ್ಯಾ, ಈ ಸಲ ನಮಗ ಓದ್ತೀರೇನ್ರಿ?”

ಅಪ್ಪನ ಕೈ ಸಾರಿನಲ್ಲೇ ನಿಂತಿತು. ಬಿಷಪ್ಪರು ರೊಟ್ಟಿ ಮುರಿದರು.

“ಅದು ನಾ ಒಬ್ಬನೇ ಕುಂತು ಬರಿಯೋ ಪಟ್ಟಿ ಅಲ್ಲಮ್ಮ. ಜಿಲ್ಲಾದ ಮೇಲ್ವಿಚಾರಕರೆಲ್ಲ ಕೂಡ್ತಾರ. ಯಾವ ಸಭಿಗಿ ಏನ್ ಬೇಕು, ಯಾವ ಪಾಸ್ಟರಗ ಏನ್ ತ್ರಾಸದ, ಎಲ್ಲಾ ಹೇಳ್ತಾರ. ನಾ ಕೇಳ್ತೀನಿ.”

“ಕಡಿಕ್ ಯಾರ್ ಹೇಳಿದ್ದು ಆಗ್ತದ್ರಿ?”

“ಕಡಿಕ್ ನಾ ಹೇಳಿದ್ದು.” ಒಂದು ತುತ್ತು ನುಂಗಿ ಮುಂದುವರಿಸಿದರು. “ಅದಕ್ಕೇ ಕಾನ್ಫರೆನ್ಸದಾಗ ನನಗ ಓಟ್ ಇಟ್ಟಿಲ್ಲ. ಚರ್ಚಾ ನಡಿವಾಗ ಅಧ್ಯಕ್ಷನ ಕುರ್ಚಿ ಮ್ಯಾಲ ಕೂಡ್ತೀನಿ. ಕೈ ಎತ್ತಂಗಿಲ್ಲ, ನಡಕ ಬಾಯಿ ಹಾಕಂಗಿಲ್ಲ. ಊರ್ ಹಂಚೂದೊಂದು ನನ್ನ ಕೈಯಾಗ. ಯಾಕ ಹಂಗ ಹಂಚಿದಿ ಅಂತ ಒಬ್ಬೊಬ್ಬರಿಗಿ ಹೇಳ್ಕೊಂತ ಕುಂತ್ರ ಆ ಪಟ್ಟಿ ಮುಗಿಯಂಗಿಲ್ಲ.”

ಇಮ್ಮಣ್ಣ ಕಾಕಾ ಗಾಳಿ ಹಗುರಾಗಲೆಂದು ನುಗ್ಗಿದ.

“ಹಂಗಾರ ಓಟಿಲ್ಲದ ಮಂದಿ ಎರಡೇ ಆದ್ರು ಬಿಡ್ರಿ ಅಯ್ಯಾ. ದುಬಾಯಾಗ ನಾವು, ಕಾನ್ಫರೆನ್ಸದಾಗ ನೀವು.”

ಬಿಷಪ್ಪರು ನಕ್ಕರು. ಅಮ್ಮ ನಗಲಿಲ್ಲ. ಅವರು ಅದನ್ನು ಕಂಡರು.

“ನನಗೂ ಓದ್ಯಾರಮ್ಮ,” ಎಂದರು. “ಬಿಷಪ್ ಅಂತ ಆರಿಸಿದವರೇ ಎಲ್ಲಿ ಇರ್ಬೇಕಂತನೂ ಹೇಳಿದ್ರು. ನನ್ನ ಹೆಂಡತಿ ಮಣ್ಣು ಇರೋ ಊರಿಂದ ಎಬ್ಬಿಸಿ ಕಳಿಸಿದ್ರು. ಹೋದೆ.”

ಅಮ್ಮ ಅವರ ಲೋಟಕ್ಕೆ ನೀರು ಹಾಕಿದಳು, ಲೋಟ ತುಂಬಿಯೇ ಇತ್ತು. ಮೇಜೆಲ್ಲ ನೀರಾಯಿತು. ಆಗ ಕಾಕಾ, ಅವನ ಬಾಯಿಗೆ ಅವತ್ತು ಬೀಗವೇ ಇರಲಿಲ್ಲ, ನನ್ನ ಭುಜ ಹಿಡಿದು ಮುಂದೆ ತಳ್ಳಿದ.

“ಅಯ್ಯಾ, ನಮ್ಮ ಸ್ಯಾಮು ನಿಮ್ದು ಭಾಳ ಚಲೋ ಮಾಡ್ತಾನ್ರಿ. ಏ, ಮಾಡಿ ತೋರ್ಸೋ!”

ಅಪ್ಪ ಕಣ್ಣಿನಲ್ಲೇ ನನ್ನ ಚರ್ಮ ಸುಲಿದರು. ಆದರೆ ಕೇಳುವವರಿದ್ದಾರೆ ಎಂದರೆ ನನಗೆ ಆಗಲೂ ತಡೆಯಲಾಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಎದ್ದು ನಿಂತು, ನಾಷ್ಟಾದ ಬಿಲ್ಲಿನಂಥ ಒಂದು ಚೀಟಿಯನ್ನು ಮೂಗಿನಿಂದ ದೂರ ಹಿಡಿದು, ಬಾಗಿ, ಓದಿದೆ. ಹುಮನಾಬಾದ, ಕೆಮ್ಮು, ಹೆಸರು. ಭಾಲ್ಕಿ, ಕೆಮ್ಮು, ಹೆಸರು. ಬಿಷಪ್ಪರು ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಆಮೇಲೆ ನಿಜವಾಗಿಯೇ ಕೆಮ್ಮಿದರು. ಗುರು ಶಿಷ್ಯರ ಕೆಮ್ಮಿನಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

“ಒಂದು ತಪ್ಪದ, ಮರೀ. ನಾ ಎಲ್ಲಾರಿಗೂ ಕೆಮ್ಮಂಗಿಲ್ಲ. ಇದ್ದಲ್ಲೇ ಇರೋರಿಗಿ ಸೀದಾ ಓದ್ತೀನಿ. ಎಬ್ಬಿಸಿ ಕಳಸೋರಿಗಿ ಅಷ್ಟೇ ಅದು ಬರ್ತದ. ನಾ ಬರಸೂದಲ್ಲ. ಅದೇ ಬರ್ತದ.”

ಇದನ್ನು ಅವತ್ತು ಆ ಮೇಜಿನ ಸುತ್ತ ಇದ್ದ ಎಲ್ಲರೂ ಕೇಳಿಸಿಕೊಂಡೆವು. ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದ ಅಮ್ಮನೂ.

ಆ ಎರಡು ತಿಂಗಳು ಮನೆಯಲ್ಲಿ ನೆಲ ಗಟ್ಟಿ ಇರಲಿಲ್ಲ. ದೇರಾಕ್ಕೆ ಬಂದು ಎರಡು ವರ್ಷದ ಮೇಲೆ ಅಮ್ಮ ಇಲ್ಲಿಯ ಪರೀಕ್ಷೆ ಪಾಸಾಗಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಎದೆಯ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡು ಹೋಗುವಾಗ ಅವಳ ನಡಿಗೆಯೇ ಬೇರೆ. ಮೊದಲ ಸಲ ಅವಳನ್ನು ಜನ ‘ಪಾಸ್ಟರಮ್ಮ’ ಎನ್ನದೆ ‘ಸಿಸ್ಟರ್ ಸುಶೀಲಾ’ ಎಂದಿದ್ದರು. ಈಗ ಕ್ಲಿನಿಕ್ಕಿನವರು ಒಪ್ಪಂದ ಮುಂದುವರಿಸುತ್ತೀರಾ ಎಂದು ಕೇಳುತ್ತಿದ್ದರು, ಅವಳು ದಿನಾ ಒಂದು ನೆವ ಹೇಳಿ ಬರುತ್ತಿದ್ದಳು. ಅವಳ ಉತ್ತರ ಬೀದರದಲ್ಲಿ ಯಾರದೋ ಜೇಬಿನ ಕಾಗದದಲ್ಲಿತ್ತು. ಸಾಮಾನು ಕಟ್ಟಲು ರಟ್ಟಿನ ಡಬ್ಬಿ ತಂದು ಮಂಚದಡಿ ಮಡಿಸಿ ಇಟ್ಟಳು. ಆಮೇಲೆ ಸಿಟ್ಟಿನಿಂದ ಅವನ್ನು ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದಳು. ಮರುದಿನ ಮತ್ತೆ ತಂದಳು. ಮಾತು ಕಡಿಮೆಯಾಯಿತು. ಮೇಕೆಯ ದನಿ ಮಾಡಿದರೂ ನಗಲಿಲ್ಲ. ಮನೆಯ ವಿದೂಷಕನಿಗೆ ಅದಕ್ಕಿಂತ ದೊಡ್ಡ ಅಪಮಾನ ಇದೆಯೇ?

ಕಾನ್ಫರೆನ್ಸಿನ ಕೊನೆಯ ದಿನ ಅಪ್ಪ ಅಬುಧಾಬಿಗೆ ಹೋಗಿದ್ದರು. ಸಭೆಯವನೊಬ್ಬ ಅಲ್ಲಿ ಆಸ್ಪತ್ರೆಯಲ್ಲಿದ್ದ, ಪ್ರಾರ್ಥನೆಗೆ ಕರೆದಿದ್ದ. ಪಟ್ಟಿಯ ದನಿ ಬರುವ ಫೋನೂ ಅವರ ಜೊತೆಯೇ ಹೋಗಿತ್ತು. ಮಧ್ಯಾಹ್ನ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು, ತಿನ್ನುವವರು ಮೂರೇ ಜನರಿದ್ದರೂ ಹದಿನೈದು ರೊಟ್ಟಿ ಆಗಲೇ ಒಣಗುತ್ತಿದ್ದವು. ಪ್ರತಿ ಏಟಿಗೂ ನೆರೆಮನೆಯ ಫಿಲಿಪಿನೋ ಹೆಂಗಸು ಗೋಡೆ ತಟ್ಟುತ್ತಿದ್ದಳು. ಅಮ್ಮನ ಫೋನು ನನ್ನ ಕೈಯಲ್ಲಿ ಆಟಕ್ಕಿತ್ತು. ನನಗೆ ಬೇರೇನೂ ಯೋಚನೆ ಇರಲಿಲ್ಲ, ಇದನ್ನು ಯಾರು ನಂಬಿದರೆಷ್ಟು ಬಿಟ್ಟರೆಷ್ಟು: ಅವಳು ಒಂದು ಸಲ ನಗಬೇಕು, ಅಷ್ಟೇ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿ, ಫ್ಯಾನಿನ ಸದ್ದಿಗೆ ಎಕ್ಸಾಸ್ಟು ಹಾಕಿ, ಬಕೆಟ್ಟಿನೊಳಗೆ ಮುಖ ಇಟ್ಟು ರೆಕಾರ್ಡು ಮಾಡಿದೆ. ಓಡಿ ಬಂದು, ಅಮ್ಮ ಬಂತು ಬಂತು ಎಂದು ಕೂಗಿ, ಫೋನು ಅವಳ ಕಿವಿಯ ಹತ್ತಿರ ಹಿಡಿದೆ. ಅವಳ ಎರಡೂ ಕೈ ಹಿಟ್ಟಾಗಿತ್ತು. ಅವಳು ಫೋನು ಮುಟ್ಟಲಿಲ್ಲ, ಯಾರು ಕಳಿಸಿದ್ದೆಂದು ನೋಡಲಿಲ್ಲ.

‘ದುಬಾಯಿ ಕನ್ನಡ ಸಭೆ...’ ಕೆಮ್ಮು. ‘ರೆವರೆಂಡ್ ಪ್ರಭುದಾಸ. ಅದೇ ಸ್ಥಾನದಲ್ಲಿ ಮುಂದುವರಿಯುತ್ತಾರೆ.’

ಕೆಮ್ಮಿದೆ. ಗುರುವೇ ತಿದ್ದಿದ ತಪ್ಪನ್ನು ಮತ್ತೆ ಮಾಡಿದೆ. ಇದ್ದಲ್ಲೇ ಇರುವವರಿಗೆ ಕೆಮ್ಮಬಾರದು. ಆದರೆ ನನ್ನ ಇಡೀ ವಿದ್ಯೆ ಆ ಕೆಮ್ಮಿನಲ್ಲಿತ್ತು, ಅದನ್ನು ಬಿಟ್ಟು ಓದಲು ನಟನಿಗೆ ಮನಸ್ಸು ಬರಬೇಕಲ್ಲ.

ಮುಂದಿನದನ್ನು ನಾನು ಲೆಕ್ಕ ಹಾಕಿಟ್ಟಿದ್ದೆ. ಅಮ್ಮ ಕಣ್ಣು ಅಗಲ ಮಾಡುತ್ತಾಳೆ, ನಾನು ಮೇಕೆಯ ದನಿಯಲ್ಲಿ ‘ಮ್ಯಾಮ್, ಇಟ್ ವಾಸ್ ಮೀ’ ಎನ್ನುತ್ತೇನೆ, ಅವಳು ಲಟ್ಟಣಿಗೆ ಎತ್ತುತ್ತಾಳೆ, ಇಬ್ಬರೂ ನಗುತ್ತೇವೆ. ಅಮ್ಮ ಕಣ್ಣು ಅಗಲ ಮಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರ್ರಗಾಗುವವರೆಗೆ ಹಾಗೇ ಕೂತಿದ್ದಳು. ಆಮೇಲೆ ನನ್ನನ್ನು ಎಳೆದು ಅಪ್ಪಿಕೊಂಡಳು, ನನ್ನ ತಲೆಯೆಲ್ಲ ಬಿಳಿ ಹಿಟ್ಟು. ಅವಳ ಹೊಟ್ಟೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಅದು ನಗುವಲ್ಲ, ಅಳುವೂ ಅಲ್ಲ. ಎಷ್ಟೋ ದನಿ ಕಲಿತಿದ್ದೇನೆ, ಅದನ್ನು ಮಾತ್ರ ಇವತ್ತಿಗೂ ಮಾಡಲು ಬಂದಿಲ್ಲ. ‘ಇಟ್ ವಾಸ್ ಮೀ’ ಬಾಕಿ ಉಳಿಯಿತು. ಈಗ ಹೇಳುತ್ತೇನೆ, ಇನ್ನೊಂದು ನಿಮಿಷಕ್ಕೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಅವಳು ಕೈ ತೊಳೆದು ಪಾರ್ಟಿಷನ್ನಿನ ಪ್ಲೈವುಡ್ಡು ಬಡಿಯುತ್ತಿದ್ದಳು.

“ಇಮ್ಮಣ್ಣಾ! ನಿನ್ ವ್ಯಾನದಾಗ ಸುತ್ತಿಗಿ ಅದೇನೋ?”

“ಅದ ಅಕ್ಕಾ. ಯಾರಿಗಿ ಹೊಡಿಬೇಕು?”

“ಗ್ವಾಡಿಗೋ!”

ಕಾಂಕ್ರೀಟು ಗೋಡೆ. ಮೊದಲ ಮೊಳೆ ಬಗ್ಗಿತು, ಎರಡನೆಯದು ಹಾರಿ ಸಿಂಕಿಗೆ ಬಿತ್ತು. ಕಾಕಾ ತಾನು ಹೊಡೆಯುತ್ತೇನೆಂದರೆ ಬಿಡಲಿಲ್ಲ. ಅವನು ಸ್ಟೂಲು ಹಿಡಿದ, ಅವಳು ಹತ್ತಿದಳು. ಕೆಳಗಿನಿಂದ ವಾಚ್‌ಮನ್ನು ಬಂದು, ಭಾಭೀಜೀ ಮಾಲಿಕ್ ಬೈತಾರೆ ಎಂದ. ಅವನ ಕೈಗೂ ಒಂದು ಬಿಸಿ ರೊಟ್ಟಿ ಬಿತ್ತು. ಮೂರನೆಯ ಮೊಳೆ ನಿಂತಿತು. ಫ್ರಿಜ್ಜಿನ ಮೇಲಿಂದ ಗಡಿಯಾರ ಇಳಿಸಿ, ಒರೆಸಿ, ನೇತುಹಾಕಿ, ಸ್ಟೂಲಿನಿಂದ ಇಳಿದು ಹಿಂದೆ ಸರಿದು ನೋಡಿದಳು. ಗಡಿಯಾರ ನಡುಗುತ್ತಿರಲಿಲ್ಲ. ಕ್ಲಿನಿಕ್ಕಿಗೆ ಫೋನು ಮಾಡಿ ಒಪ್ಪಂದ ಮುಂದುವರಿಸಿ ಎಂದಳು. ನಾನು ಸ್ಟೂಲಿನ ಪಕ್ಕ ಬಾಗಿದ ಮೊಳೆ ಹಿಡಿದುಕೊಂಡು ನಿಂತಿದ್ದೆ. ಒಬ್ಬ ಮನುಷ್ಯನಿಗೆ ಸತ್ಯ ಹೇಳಲು ಎಷ್ಟು ಅವಕಾಶ ಸಿಗಬಹುದೋ ಅಷ್ಟೂ ಸಿಕ್ಕಿತ್ತು.

ಅಪ್ಪ ಅಬುಧಾಬಿ ಬಸ್ಸಿಳಿದು ಬಂದಾಗ ಇನ್ನೂ ಬೆಳಕಿತ್ತು. ಬಾಗಿಲಲ್ಲೇ ಬೂಟಿನ ದಾರ ಬಿಚ್ಚುತ್ತ ಬಹಳ ಹೊತ್ತು ಬಗ್ಗಿದ್ದರು. ಬಸ್ಸಿನಲ್ಲೇ ಅವರ ಫೋನಿಗೆ ಪಟ್ಟಿ ಬಂದಿತ್ತು, ನಿಜವಾದ ಪಟ್ಟಿ. ಅಮ್ಮ ಒಳಗಿನಿಂದಲೇ ಕೂಗಿದಳು.

“ನೋಡ್ರಿ ಇಲ್ಲಿ ಬಂದು! ನಮಗ ಇಲ್ಲೇ ಬಿಟ್ಟಾರ. ಸ್ಯಾಮು ಕೇಳಿಸ್ದ. ನೋಡ್ರಿ, ಗಡಿಯಾರ!”

ಅಪ್ಪ ಗಡಿಯಾರ ನೋಡಿದರು. ಅಮ್ಮನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಅಪ್ಪ ದಡ್ಡರಲ್ಲ, ಅವರಿಗೆ ಒಂದೇ ನೋಟ ಸಾಕಾಯಿತು. ಮಾತಾಡಲು ಬಾಯಿ ತೆರೆದರು. ಮಾತು ಬರುವ ಮೊದಲು ಒಂದು ಕೆಮ್ಮು ಬಂತು. ಸಣ್ಣದು, ಒಣಗಿದ್ದು. ಅವರಿಗೆ ಕೆಮ್ಮಿನ ಕಾಯಿಲೆ ಇರಲಿಲ್ಲ, ಜನ್ಮದಲ್ಲಿ ಯಾರನ್ನೂ ಅನುಕರಿಸಿದವರೂ ಅಲ್ಲ. ನಾನು ಒಂದು ತಿಂಗಳು ಬಚ್ಚಲಿನಲ್ಲಿ ಕಲಿತದ್ದು ಅವರಿಗೆ ತಾನಾಗಿಯೇ ಬಂದಿತ್ತು.

“ಸುಶೀಲಾ, ಮೊದಲ ತಪ್ಪು ಓದಿದ್ರಂತ. ಆಮ್ಯಾಲ ತಿದ್ದಿ ಓದಿದ್ರಂತ. ನಮಗ ಭಾಲ್ಕಿ ಕಡಿ ಒಂದು ಹಳ್ಳಿ ಬಂದದ.”

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ನನಗಾಗಿ. ನನ್ನ ಹೆಸರು ಬರಬೇಕಾಗಿದ್ದ ಜಾಗದಲ್ಲಿ ಬಿಷಪ್ಪರ ಹೆಸರು ಇಟ್ಟುಬಿಟ್ಟರು. ಅಮ್ಮ ಕೂಗಾಡಲಿಲ್ಲ. ಸಿಂಕಿನಲ್ಲಿ ಬಿದ್ದಿದ್ದ ಮೊಳೆ ಎತ್ತಿ ಕಿಟಕಿಯಲ್ಲಿ ಇಟ್ಟಳು.

“ನಾ ಬರಂಗಿಲ್ಲ,” ಎಂದಳು. “ನಾಕ್ ಸಲ ಬಂದೀನಿ. ಈ ಸಲ ಮೊಳಿ ಹೊಡ್ದೀನಿ.”

ಇದನ್ನು ನಾನು ಬಹಳ ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನಾನು ಆ ಆಟ ಆಡದೆ ಇದ್ದಿದ್ದರೆ ಸಂಜೆ ಅಪ್ಪ ಬರುತ್ತಿದ್ದರು, ಹೇಳುತ್ತಿದ್ದರು, ಆ ಹಳೆಯ ಜಗಳ ಒಮ್ಮೆ ಪೂರ್ತಿ ನಡೆಯುತ್ತಿತ್ತು, ಪರದೆ ಬೀಳುತ್ತಿತ್ತು. ಅವಳು ಮಂಚದಡಿಯಿಂದ ಡಬ್ಬಿ ತೆಗೆದು ಐದನೆಯ ಸಲವೂ ಹೋಗುತ್ತಿದ್ದಳು. ಹೋಗುವುದು ಸರಿಯಾಗಿತ್ತೋ ಉಳಿದದ್ದು ಸರಿಯೋ ನನಗೆ ಗೊತ್ತಿಲ್ಲ. ಆದರೆ ಅರ್ಧ ದಿನ ಅವಳು ಉಳಿಯುವವಳಾಗಿದ್ದಳು, ಆ ರುಚಿ ನಾಲಿಗೆಗೆ ಹತ್ತಿದ ಮೇಲೆ ಎದ್ದು ಹೋಗಲು ಆಗಲಿಲ್ಲ. ಅಪ್ಪ ಹೂಂ ಎಂದವರು, ಹೋದರು. ಆ ಫ್ಲಾಟು ಪಾಸ್ಟರರಿಗೆಂದು ಸಭೆ ಹಿಡಿದದ್ದು, ಮುಂದಿನವರು ಬರುತ್ತಿದ್ದರು. ಅಮ್ಮನೂ ನಾನೂ ಎರಡು ಗಲ್ಲಿ ಆಚೆ ಇನ್ನೊಬ್ಬರ ಹಾಲಿನ ಪಾರ್ಟಿಷನ್ನಿಗೆ ಹೋದೆವು. ಖಾಲಿ ಮಾಡುವ ದಿನ ಮಾಲೀಕನ ಕಡೆಯವನು ಗೋಡೆ ನೋಡಲು ಬರುತ್ತಾನೆಂದು, ಮೊಳೆ ಕಿತ್ತ ತೂತಿಗೆ ನಾನು ಬಿಳಿ ಟೂತ್‌ಪೇಸ್ಟು ಒತ್ತಿ ಬೆರಳಿನಿಂದ ಸವರಿದೆ. ಒಣಗಿದ ಮೇಲೆ ಕಾಣುತ್ತಿರಲಿಲ್ಲ. ಹತ್ತಿರ ಹೋದರೆ ಪುದೀನದ ವಾಸನೆ ಬರುತ್ತಿತ್ತು, ಅಷ್ಟೇ. ಹೊಸ ಜಾಗದಲ್ಲಿ ನಮ್ಮ ನಾಲ್ಕು ಗೋಡೆಯಲ್ಲಿ ಮೂರು ಪ್ಲೈವುಡ್ಡು. ಮೊಳೆಯ ಪ್ರಶ್ನೆಯೇ ಇಲ್ಲ. ಗಡಿಯಾರ ಮತ್ತೆ ಫ್ರಿಜ್ಜು ಹತ್ತಿತು.

ಅಪ್ಪ ಅಲ್ಲಿಂದ ನನಗೆ ದನಿಯಾದರು. ದಿನಾ ಬೆಳಿಗ್ಗೆ ಒಂದು ವಾಯ್ಸ್ ಬರುತ್ತಿತ್ತು: ಮೂಗಿನಿಂದ ಶುರುವಾಗಿ ಎದೆಯಲ್ಲಿ ಮುಗಿಯುವ ಪ್ರಾರ್ಥನೆ, ಹಿಂದೆ ಕೋಳಿ, ಒಂದು ಬೋರ್‌ವೆಲ್ಲಿನ ಕೈಪಂಪು. ನಾವು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಆಮೆನ್ ಎನ್ನುತ್ತಿದ್ದೆವು, ಅದು ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ. ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಿದ್ದರು, ಅತಿಥಿಯ ಹಾಗೆ ನಾಚಿಕೊಂಡು ಊಟ ಮಾಡುತ್ತಿದ್ದರು. ಆ ಸಂಜೆಯ ಒಂದು ನೋಟದಾಚೆ ನನ್ನ ಅವರ ನಡುವೆ ಆ ವಿಷಯ ಎಂದೂ ಬರಲಿಲ್ಲ. ಒಮ್ಮೆ ನಾನು ಶುರು ಮಾಡಿದೆ, ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮ ಮಾತ್ರ ಸಭೆಗೆ ಹೋದರೂ ಬಿಷಪ್ಪರಿಗಾಗಿ ಪ್ರಾರ್ಥಿಸುವ ಸಾಲು ಬಂದಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಅವರು ಓದಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಎರಡು ಸಲ ಓದಿದ್ದಕ್ಕೆ ಇತ್ತು.

ಮೂರು ವರ್ಷದ ಮೇಲೆ ಅವರು ಮತ್ತೆ ದೃಢೀಕರಣಕ್ಕೆ ಬಂದರು, ಈ ಸಲ ಸಾಲಿನಲ್ಲಿ ನಾನೂ ಇದ್ದೆ. ನನ್ನ ತಲೆಯ ಮೇಲೆ ಕೈಯಿಟ್ಟರು. ಆರಾಧನೆ ಮುಗಿದು ಜನ ಸಮೋಸದ ಮೇಜಿನ ಕಡೆ ಹೋದಾಗ ಅಮ್ಮ ನನ್ನನ್ನು ಹಿಡಿದುಕೊಂಡೇ ಅವರ ಕುರ್ಚಿಯ ಮುಂದೆ ಹೋಗಿ ನಿಂತಳು.

“ವಂದನಾ ಅಯ್ಯಾ. ಒಂದೇ ಮಾತು ಕೇಳ್ತೀನಿ. ನಮಗ ಯಾಕ ಎರಡು ಸಲ ಓದಿದ್ರಿ?”

“ಎರಡು ಸಲ?” ಅವರಿಗೆ ತಿಳಿಯಲಿಲ್ಲ.

“ಮೊದಲ ಇಲ್ಲೇ ಅಂತ ಓದಿದ್ರಿ. ನಾ ನನ್ನ ಕಿವಿಲೆ ಕೇಳೀನಿ. ಓದುವಾಗ ಕೆಮ್ಮಿದ್ರಿ. ಇದ್ದಲ್ಲೇ ಇರೋರಿಗಿ ಕೆಮ್ಮಂಗಿಲ್ಲ ಅಂತ ನೀವೇ ನಮ್ಮ ಮನ್ಯಾಗ ಕುಂತು ಹೇಳಿದ್ರಿ. ಆಗಲೇ ನನಗ ತಿಳಿಬೇಕಾಗಿತ್ತು.”

ಬಿಷಪ್ಪರು ಅವಳ ಮುಖ ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು. ನನಗೆ ಆಗ ಗಂಟಲು ಒಡೆಯುವ ವಯಸ್ಸು, ಒಂದು ಅಕ್ಷರವೂ ಹೊರಡಲಿಲ್ಲ, ಮೇಕೆ ಕೂಡ. ಅವರು ನನ್ನನ್ನು ಎಷ್ಟು ಹೊತ್ತು ನೋಡಿದರೋ. ಇಡೀ ಸಭೆಯಲ್ಲಿ ಯಾರಿಗೂ ಕಾರಣ ಹೇಳಬೇಕಾಗಿಲ್ಲದ ಮನುಷ್ಯ. ‘ಅದು ನಾನಲ್ಲಮ್ಮ’ ಎಂದು ಎರಡು ಮಾತು ಹೇಳಿದ್ದರೆ ಅವರ ಹೆಸರು ತೊಳೆದು ಹೋಗುತ್ತಿತ್ತು.

“ಹೌದಮ್ಮ,” ಎಂದರು. “ನಂದೇ ತಪ್ಪಾಯ್ತು.”

ಅಮ್ಮ ಈ ಉತ್ತರಕ್ಕೆ ತಯಾರಾಗಿ ಬಂದಿರಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

“ಮುಂದ ಯಾರಿಗೂ ಹಂಗ ಮಾಡಬ್ಯಾಡ್ರಿ.”

“ಇಲ್ಲಮ್ಮ.”

ಎದ್ದು ಹೋಗುವಾಗ ಅವರ ಕೈ ಇನ್ನೊಮ್ಮೆ ನನ್ನ ತಲೆ ಮುಟ್ಟಿತು. ಬಾಗಿಲ ಹತ್ತಿರ ಅವರು ಕೆಮ್ಮುವುದು ಕೇಳಿಸಿತು. ಮುಂದಿನ ವರ್ಷ ನಿವೃತ್ತರಾದರು, ಆಮೇಲೆ ಹೆಂಡತಿಯ ಮಣ್ಣಿರುವ ಊರಿಗೇ ಹೋಗಿ ಅಲ್ಲಿಯೇ ತೀರಿಕೊಂಡರು ಎಂದು ಅಪ್ಪನ ವಾಯ್ಸಿನಲ್ಲಿ ಬಂತು.

ಈಗ ನಾನು ಸಿಲಿಕಾನ್ ಓಯಸಿಸ್ಸಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮ್ಯಾನೇಜರನ್ನು ಮಾಡುತ್ತೇನೆ, ಎಚ್‌ಆರ್‌ನವಳನ್ನು ಮಾಡುತ್ತೇನೆ, ಕನ್ನಡ ಸಂಘದ ಅಧ್ಯಕ್ಷರು ಮೈಕು ತಟ್ಟುವುದನ್ನು ಅವರ ಎದುರಿಗೇ ಮಾಡಿ ಬೈಸಿಕೊಂಡಿದ್ದೇನೆ. ಇಮ್ಮಣ್ಣ ಕಾಕಾ ಸಿಕ್ಕಾಗಲೆಲ್ಲ ಬಿಷಪ್ಪರದು ಮಾಡು ಎನ್ನುತ್ತಾನೆ. ಗಂಟಲು ಸರಿಯಿಲ್ಲ ಎನ್ನುತ್ತೇನೆ. ಅಪ್ಪನಿಗೆ ಆಮೇಲೂ ಎರಡು ಸಲ ಓದಿದರು, ಇನ್ನೊಂದು ವರ್ಷಕ್ಕೆ ನಿವೃತ್ತಿ. ಅಮ್ಮ ನನ್ನ ಜೊತೆ ಇದ್ದಾಳೆ. ಮನೆಗೆ ಯಾರಾದರೂ ಬಂದು, ಗಡಿಯಾರ ಯಾಕೆ ಹೀಗೆ ಫ್ರಿಜ್ಜಿನ ಮೇಲೆ ಎಂದರೆ ಕಥೆ ಶುರು ಮಾಡುತ್ತಾಳೆ. ಕೊನೆಗೆ ಪ್ರತಿ ಸಲ ಅದೇ ಮಾತು: ‘ಪಾಪ, ಎಷ್ಟು ದೊಡ್ಡ ಮನಷ್ಯಾ, ನನ್ನಂಥಾಕಿ ಮುಂದ ತಪ್ಪಾಯ್ತು ಅಂದ.’ ಆ ಹೊತ್ತಿಗೆ ನಾನು ಚಹಾದ ನೆವದಲ್ಲಿ ಒಳಗೆ ಎದ್ದು ಹೋಗಿರುತ್ತೇನೆ.

ನಾನು ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತು. ಚಿಕ್ಕ ಅಕ್ಷರ ಕಾಣುವುದಿಲ್ಲ, ನೀನೇ ಓದು ಎಂದಿದ್ದಾಳೆ. ನಾಳೆ ಅವಳಿಗೆ ರಜೆ. ಬೆಳಿಗ್ಗೆ ಅಪ್ಪನ ಪ್ರಾರ್ಥನೆ ಮುಗಿದ ಮೇಲೆ, ಅಡುಗೆಮನೆಯಲ್ಲಿ ಅವಳೆದುರು ನಿಂತು ಇದನ್ನು ಓದಬೇಕು. ಮೊದಲು ಊರು, ಆಮೇಲೆ ಹೆಸರು. ಯಾರ ದನಿಯನ್ನೂ ಮಾಡದೆ. ನಡುವೆ ಕೆಮ್ಮು ಬಂದರೆ, ಈ ಸಲ ಅದು ನನ್ನದೇ.